ಗ್ಲೂಕೋಸ್ ನೀರು

ಗುಂಡ್ಲುಪೇಟೆಯ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಲೇಡೀಸ್ ಟೈಲರ್ ರಂಗನಾಯಕನ ಅಂಗಡಿ ಎಲ್ಲಿ ಎಂದರೆ ಹೆಂಗಸರು ಯಾರಾದರೂ ಕೈ ಮಾಡಿ ತೋರಿಸುತ್ತಾರೆ. ಅಳತೆಗೆ ತಂದ ಹಳೇ ಬ್ಲೌಸನ್ನು ಮೇಜಿನ ಮೇಲೆ ಹರಡಿ ಒಂದು ಸಲ ಅಂಗೈ ಆಡಿಸಿದರೆ ಅವನಿಗೆ ಸಾಕು. ಟೇಪು ಕೊರಳಲ್ಲಿ ಇರುತ್ತಿದ್ದದ್ದು ಬರೀ ಶೋಕಿಗೆ. ಬಿಗಿಯಾಯಿತು ಎಂದು ವಾಪಸ್ ಬಂದವರಿಗೆ, "ಬ್ಲೌಸು ಸರಿಯಾಗೇ ಅದೆ ಕಣವ್ವ, ಮದ್ವೆ ಊಟ ವಸಿ ಜಾಸ್ತಿಯಾಗದೆ" ಎಂದು ನಗಿಸಿ ಹೊಲಿಗೆ ಬಿಚ್ಚಿ ಕೊಡುತ್ತಿದ್ದ. ಅಂಥ ಜಾಣ ಒಂದು ಪದದ ಮುಂದೆ ಹೆಡ್ಡನಾಗಿಬಿಟ್ಟ. ಹೆಡ್ಡ ಎಂದು ಬಯ್ಯುವುದೇನೋ ಸುಲಭ. ಅವನ ಜಾಗದಲ್ಲಿ ನಿಂತು ಹೆಡ್ಡರಾಗದೆ ಉಳಿಯುತ್ತಿದ್ದವರು ನಮ್ಮ ಸೀಮೆಯಲ್ಲಿ ಎಷ್ಟು ಮಂದಿ ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಅವನ ಹೆಂಡತಿ ದೇವಾಜಮ್ಮ ಹಂಗಳದವಳು, ಸ್ವಂತ ಸೋದರತ್ತೆಯ ಮಗಳು. ಲಂಗ ಹಾಕುವ ವಯಸ್ಸಿನಿಂದ ಬಾವ ಬಾವ ಎಂದು ಕರೆದವಳು ಮದುವೆಯಾದ ಮೇಲೂ ಅದನ್ನೇ ಉಳಿಸಿಕೊಂಡಿದ್ದಳು. ಅವನು ಹೊಲಿದ ಬ್ಲೌಸುಗಳಿಗೆ ಹುಕ್ಕು, ಕಾಜ ಎಲ್ಲ ಅವಳದೇ. ಸಿಹಿ ಎಂದರೆ ಅವಳಿಗೆ ಪ್ರಾಣ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಗಿದ್ದರೂ, "ಮಾತ್ರೆ ನುಂಗ್ತಿವ್ನಲ್ಲ, ಅದು ಅದರ ಕೆಲ್ಸ ಮಾಡ್ಲಿ, ನಾನು ನನ್ ಕೆಲ್ಸ ಮಾಡ್ತಿನಿ" ಎನ್ನುತ್ತ ಒಬ್ಬಟ್ಟಿಗೆ ಕೈ ಹಾಕುತ್ತಿದ್ದಳು. ಡಾಕ್ಟರ ಹತ್ತಿರ ಹೋಗುವ ಮುಂಚಿನ ಎರಡು ದಿನ ಮಾತ್ರ ಬರೀ ಮುದ್ದೆ, ಸೊಪ್ಪಿನ ಸಾರು. ಹಾಗೆ ಪರೀಕ್ಷೆಗೆ ಓದಿಕೊಂಡವಳಂತೆ ಹೋಗಿ ಪಾಸಾಗಿ ಬರುತ್ತಿದ್ದಳು.

ಮೊಮ್ಮಗನ ನಾಮಕರಣಕ್ಕೆಂದು ರಂಗನಾಯಕ ಅವಳಿಗೊಂದು ಹೊಸ ರೇಷ್ಮೆ ಬ್ಲೌಸು ಹೊಲಿದಿದ್ದ. ತೊಡಿಸಿ ನೋಡುವಾಗ ಎಡಗಡೆ ಎದೆಯ ಹತ್ತಿರದ ಮಡಿಕೆಗೆ ಪಿನ್ನು ಹಾಕಲು ಹೋದ ಬೆರಳಿಗೆ ಗಟ್ಟಿಯಾದದ್ದೇನೋ ತಗುಲಿತು. ಲೈನಿಂಗ್ ಬಟ್ಟೆಯೊಳಗೆ ದಾರ ಗಂಟು ಕಟ್ಟಿಕೊಂಡಿದೆ ಎಂದುಕೊಂಡು ತನ್ನನ್ನೇ ಬಯ್ದುಕೊಂಡ. ಬ್ಲೌಸು ಬಿಚ್ಚಿಸಿ ಲೈನಿಂಗ್ ಹರಿದು ನೋಡಿದರೆ ಹೊಲಿಗೆ ಕನ್ನಡಿಯಂತಿತ್ತು. ಗಂಟು ಬಟ್ಟೆಯಲ್ಲಿರಲಿಲ್ಲ.

ಅವನು ಒಂದು ದಿನವೂ ತಡ ಮಾಡಲಿಲ್ಲ, ಆ ಮಾತನ್ನು ಹೇಳಲೇಬೇಕು. ಊರ ಹೆಂಗಸರು "ಹಾಲಿನ ಗಂಟು, ಬಿಸಿನೀರಿನ ಶಾಖ ಕೊಡಿ" ಎಂದರು. ಅವನು ಕಿವಿಗೆ ಹಾಕಿಕೊಳ್ಳದೆ ಅಂಗಡಿಗೆ ಬೀಗ ಜಡಿದು ಅವಳನ್ನು ಚಾಮರಾಜನಗರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಸೂಜಿ ಚುಚ್ಚಿ ತೆಗೆದ ತುಣುಕಿನ ಫಲಿತಾಂಶ ಕ್ಯಾನ್ಸರ್ ಎಂದೇ ಬಂತು. ಆದರೆ ಡಾಕ್ಟರು ಅವನ ಭುಜ ತಟ್ಟಿದರು.

"ಅವರೆಕಾಳಿನಷ್ಟಿದೆ ಅಷ್ಟೆ, ಇದ್ದ ಜಾಗ ಬಿಟ್ಟು ಎಲ್ಲೂ ಹೋಗಿಲ್ಲ. ನಿಮ್ಮ ಟೈಲರ್ ಬೆರಳಿಗೆ ನಮಸ್ಕಾರ ಹೇಳಬೇಕು. ಆಪರೇಷನ್ ಮಾಡಿ ತೆಗೆದುಬಿಡೋಣ. ಆದರೆ ಇವರ ಶುಗರ್ ಮುನ್ನೂರು ದಾಟಿದೆ. ಹೀಗೇ ಕೊಯ್ದರೆ ಗಾಯ ಮಾಯಲ್ಲ. ಅದನ್ನ ಇಳಿಸ್ಕೊಂಡು ಬೇಗ ಬನ್ನಿ."

ಅವನ ಬೆರಳು ಅವಳ ಜೀವ ಉಳಿಸಿತು ಎಂದು ಓಣಿಯೆಲ್ಲ ಮಾತಾಯಿತು. ಪಕ್ಕದ ಅಂಗಡಿಯಲ್ಲಿ ದಾರ, ಗುಂಡಿ, ಲೈನಿಂಗ್ ಮಾರುವ ಬಷೀರ್ ಅಹಮದ್ ಬಂದವರಿಗೆಲ್ಲ ಅದನ್ನು ಹೇಳಿದ್ದೇ ಹೇಳಿದ್ದು. ರಂಗನಾಯಕನಿಗೂ ಒಳಗೊಳಗೇ ಹೆಮ್ಮೆ. ಇಲ್ಲ ಎಂದರೆ ಸುಳ್ಳಾಗುತ್ತದೆ.

ಶುಗರ್ ಇಳಿಸುವ ಕೆಲಸಕ್ಕೆ ಸಂತೆಮರಹಳ್ಳಿಯಿಂದ ಮಗಳು ಪವಿತ್ರ ಸೊಂಟ ಕಟ್ಟಿ ಬಂದಳು. ಸಕ್ಕರೆ ಡಬ್ಬ, ಬೆಲ್ಲದ ಅಚ್ಚು, ನಾಮಕರಣದಲ್ಲಿ ಉಳಿದ ಲಾಡು, ಎಲ್ಲವನ್ನೂ ಚೀಲಕ್ಕೆ ತುಂಬಿ ಅಕ್ಕಪಕ್ಕದವರಿಗೆ ಹಂಚಿದಳು. "ಈ ಮನೇಲಿ ಇನ್ಮೇಲೆ ಸಕ್ರೆ ಅನ್ನೋ ಮಾತೇ ಇರ್ಬಾರ್ದು ಕಣಪ್ಪ. ಅವ್ವ ಅತ್ತರೂ ಕರಗ್ಬೇಡ" ಎಂದು ತಂದೆಯ ಹತ್ತಿರ ಆಣೆ ಮಾಡಿಸಿಕೊಂಡು ಊರಿಗೆ ಹೋದಳು. ರಂಗನಾಯಕ ಆಣೆಯನ್ನು ಪಾಲಿಸಿದ. ಸಪ್ಪೆ ಕಾಫಿ ಕುಡಿಯಲಾರದೆ ದೇವಾಜಮ್ಮ ಮುಖ ಕಿವುಚಿದರೆ ಅವನೂ ಎದುರಿಗೆ ಕೂತು ಸಪ್ಪೆ ಕಾಫಿಯನ್ನೇ ಕುಡಿದ.

ಆದರೆ ಅವಳು ಸೊರಗತೊಡಗಿದಳು. ಅರ್ಧ ಮುದ್ದೆ ನುಂಗಿ ಸಾಕೆನ್ನುವಳು, ಎದ್ದರೆ ಕಣ್ಣು ಕತ್ತಲೆ ಎನ್ನುವಳು. ಕಾಜ ಹಾಕುತ್ತ ಹಾಕುತ್ತ ಸೂಜಿ ಕೈಯಲ್ಲಿ ಹಿಡಿದೇ ತೂಕಡಿಸುವಳು. ಅದು ಏರಿದ ಸಕ್ಕರೆಯ ಸುಸ್ತೋ, ಮನಸ್ಸಿನ ಭಯವೋ, ಅವನಿಗೆ ಹೇಗೆ ತಿಳಿಯಬೇಕು? ಸುಸ್ತಾದವರಿಗೆ ಏನು ಕೊಡಬೇಕು ಎನ್ನುವುದು ಮಾತ್ರ ಆ ಸೀಮೆಯ ಎಲ್ಲರಂತೆ ಅವನಿಗೂ ಗೊತ್ತಿತ್ತು. ಗ್ಲೂಕೋಸ್ ಕೊಡಬೇಕು. ಚಿಕ್ಕಂದಿನಲ್ಲಿ ವಾಂತಿಭೇದಿಯಾಗಿ ಅವನು ಕೈಕಾಲು ಬಿಟ್ಟಿದ್ದಾಗ ಆಸ್ಪತ್ರೆಯಲ್ಲಿ ಒಂದು ಬಾಟ್ಲಿ ಗ್ಲೂಕೋಸ್ ಏರಿಸಿದ ಮೇಲೆ ಎದ್ದು ಕೂತು ಅನ್ನ ಕೇಳಿದನಂತೆ. ಅವನ ತಾಯಿ ಸಾಯುವತನಕ ಆ ಬಾಟ್ಲಿಗೆ ಕೈ ಮುಗಿಯುತ್ತಿದ್ದಳು. ಸುಸ್ತಾದವರಿಗೆ ಊರಲ್ಲಿ ಹೇಳುವುದೇ ಹೀಗೆ, "ಒಂದು ಗ್ಲೂಕೋಸ್ ಆಕುಸ್ಕೊಂಡ್ ಬಾ ಓಗಲಾ."

ಅವಳ ಶುಗರ್ ಮಾತ್ರೆ ತರಲು ಹೋದಾಗ ಮೆಡಿಕಲ್ ಶಾಪಿನ ಕಪಾಟಿನಲ್ಲಿ ಗ್ಲೂಕೋಸ್ ಪುಡಿಯ ಡಬ್ಬ ಕಂಡಿತು. ಕೇಳಿದ, ಕೊಟ್ಟರು. ಮಾತ್ರೆ, ಡಬ್ಬ ಎರಡೂ ಒಂದೇ ಕವರಿನಲ್ಲಿ ಮನೆಗೆ ಬಂದವು. ಮೆಡಿಕಲ್ ಶಾಪಿನಿಂದ ಬಂದದ್ದು ಔಷಧಿಯಲ್ಲದೆ ಮತ್ತೇನು? ಸಕ್ಕರೆ ಸಿಗುವುದು ದಿನಸಿ ಅಂಗಡಿಯಲ್ಲಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಅವನಿಗೂ ಬರುತ್ತಿತ್ತು. ಆದರೆ ಗಾದೆ ನೆನಪಾಗುವುದು ಯಾವಾಗಲೂ ಕೆಲಸ ಕೆಟ್ಟ ಮೇಲೆ.

ಅಂದಿನಿಂದ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಒಂದು ದೊಡ್ಡ ಲೋಟ, ಸಂಜೆ ಬಂದ ಮೇಲೆ ಇನ್ನೊಂದು. ತಾನೇ ಕೈಯಾರೆ ಚಮಚದಲ್ಲಿ ಪುಡಿ ಹಾಕಿ, ತಳದಲ್ಲಿ ನಿಲ್ಲದಂತೆ ಕಲಕಿ, ಅವಳ ಬಾಯಿಗೆ ಹಿಡಿಯುತ್ತಿದ್ದ. ಕಾಯಿಲೆಯವರ ಲೋಟ ಎಂಜಲಾಗಬಾರದು ಎಂದು ಒಂದು ತೊಟ್ಟನ್ನೂ ತಾನು ನಾಲಿಗೆಗೆ ಸೋಕಿಸಲಿಲ್ಲ. ಅವಳು ಕಣ್ಣು ಮುಚ್ಚಿ ಗಟಗಟನೆ ಕುಡಿದು ಲೋಟ ಕೊಡುವಾಗ, "ಈಗ ವಸಿ ಜೀವ ಬಂತು ಬಾವ" ಎನ್ನುವಳು. ಆ ಒಂದು ಮಾತಿಗಾಗಿ ಅವನು ಇಡೀ ದಿನ ಮಿಷನ್ ತುಳಿಯುತ್ತಿದ್ದ.

ಶುಗರ್ ಇಳಿಯಲಿಲ್ಲ. ಆಪರೇಷನ್ನಿಗೆ ಗೊತ್ತು ಮಾಡಿದ ದಿನ ಮುಂದಕ್ಕೆ ಹೋಯಿತು. ಡಾಕ್ಟರು ಮಾತ್ರೆ ಹೆಚ್ಚಿಸಿದರು. ಆದರೂ ಇಳಿಯಲಿಲ್ಲ, ಮತ್ತೆ ಮುಂದಕ್ಕೆ ಹೋಯಿತು. ಈ ಸಲ ಡಾಕ್ಟರು ಸಿಟ್ಟಾದರು.

"ನಿಜ ಹೇಳಿ. ಮನೇಲಿ ಸಕ್ಕರೆ, ಬೆಲ್ಲ, ಸಿಹಿ ಏನಾದರೂ ಕೊಡ್ತಿದ್ದೀರಾ?"

ರಂಗನಾಯಕ ಎದೆ ಮುಟ್ಟಿಕೊಂಡು ಹೇಳಿದ, "ನಮ್ಮವ್ವನಾಣೆ ಸಾರ್. ಸಕ್ರೆ ಡಬ್ಬಾನೇ ಮನೆಯಿಂದ ಆಚ್ಗೆ ಆಕ್ಬುಟ್ಟಿವಿ. ಒಂದು ಕಾಳು ಕೊಟ್ಟಿದ್ರೆ ನನ್ ಕೈ ಸೇದೋಗ್ಲಿ."

ಡಾಕ್ಟರು ದೇವಾಜಮ್ಮನ ಕಡೆ ನೋಡಿದರು. ಅವಳು ತಲೆಯೆತ್ತಿ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದಳು. ಡಾಕ್ಟರಿಗೆ ಆ ಗಂಡಸಿನ ಮಾತು ಸುಳ್ಳೆನ್ನಿಸಲಿಲ್ಲ, ಅದು ಸುಳ್ಳೂ ಆಗಿರಲಿಲ್ಲ. ಅವರು ಕೇಳಿದ ಪಟ್ಟಿಯಲ್ಲಿ ಆ ಒಂದು ಪದ ಇರಲಿಲ್ಲ, ಅಷ್ಟೆ.

ಕೊನೆಗೆ ಅವಳನ್ನು ಆಸ್ಪತ್ರೆಗೇ ಸೇರಿಸಿಕೊಂಡು ಇನ್ಸುಲಿನ್ ಕೊಟ್ಟರು. ಮನೆಯ ಡಬ್ಬ ಅಟ್ಟದ ಮೇಲೆ ಉಳಿಯಿತು, ಆಮೇಲಿನ ಓಡಾಟದಲ್ಲಿ ಮರೆತೂಹೋಯಿತು. ಶುಗರ್ ಹತೋಟಿಗೆ ಬಂತು. ಎಲ್ಲರೂ ಉಸ್ಸೆಂದು ಉಸಿರು ಬಿಡುವಷ್ಟರಲ್ಲಿ ದೇವಾಜಮ್ಮ ಬೆನ್ನು ನೋವು ಎಂದಳು. ಮಲಗಿ ಮಲಗಿ ಬಂದಿರಬೇಕು ಎಂದುಕೊಂಡರು. ಸ್ಕ್ಯಾನ್ ಮಾಡಿದ ಡಾಕ್ಟರು ಈ ಸಲ ಭುಜ ತಟ್ಟಲಿಲ್ಲ. ಗಂಟು ಇದ್ದ ಜಾಗ ಬಿಟ್ಟು ಬೆನ್ನುಮೂಳೆಗೆ ಹೋಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೇಗೆ ಹೋಯಿತು, ಯಾಕೆ ಇಷ್ಟು ಬೇಗ ಹೋಯಿತು ಎಂದು ರಂಗನಾಯಕ ಅವರಿವರನ್ನೆಲ್ಲ ಕೇಳಿದ. "ಕೆಲವರಿಗೆ ಹಾಗಾಗುತ್ತೆ" ಎಂದರು. ಹಣೆಬರಹ ಎಂದುಕೊಂಡು ಅವನು ಸುಮ್ಮನಾದ. ಒಂದು ವರ್ಷ ಔಷಧಿ, ಓಡಾಟ ಎಲ್ಲ ಆಯಿತು. ಕೊನೆಗೊಂದು ದಿನ ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು, "ಇನ್ನು ನೋವಿಗೆ ಮಾತ್ರ ಔಷಧಿ ಕೊಡೋಣ. ಪಥ್ಯ ಗಿಥ್ಯ ಅಂತ ಹಿಂಸೆ ಕೊಡಬೇಡಿ. ಬಾಯಿಬಿಟ್ಟು ಏನು ಕೇಳ್ತಾರೋ ಅದನ್ನ ಕೊಡಿ" ಎಂದರು.

ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ನೋವಿನ ಮಾತ್ರೆ ತರಲು ಅವನೊಬ್ಬನೇ ಚಾಮರಾಜನಗರಕ್ಕೆ ಹೋಗಿಬರುತ್ತಿದ್ದ. ಹಾಗೆ ಹೊರಟ ಒಂದು ದಿನ ಬಷೀರ್ ಅಹಮದ್ ಒಂದು ಕೈಚೀಲ ತಂದು ಕೊಟ್ಟ.

"ನಾಯಕ್ರೇ, ನಮ್ ನಾಜ್ನೀನ್ದು ಬಿಳೀ ಕೋಟು. ನೀವು ತೋಳು ಚಿಕ್ಕದು ಮಾಡ್ಕೊಟ್ರಲ್ಲ, ಅದೇ. ಅಲ್ಲೇ ಕಾಲೇಜಲ್ಲಿ ಅವ್ಳ್ ಕೈಗೆ ಕೊಟ್ಬುಡಿ. ಆಸ್ಪತ್ರೆಯಿಂದ ನಡ್ಕೊಂಡ್ ಹೋಗೋಷ್ಟು ದೂರ."

ಬಷೀರನ ಮಗಳು ನಾಜ್ನೀನ್ ಅಲ್ಲಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಚಿಕ್ಕವಳಿದ್ದಾಗ ರಂಗನಾಯಕನ ಅಂಗಡಿಯ ಚಿಂದಿ ಬಟ್ಟೆಯಲ್ಲಿ ಗೊಂಬೆಗೆ ಅಂಗಿ ಹೊಲಿಸಿಕೊಂಡು ಬೆಳೆದ ಹುಡುಗಿ. ಕೋಟು ತೊಟ್ಟು ನೋಡಿ, ತೋಳು ಸರಿಯಾಗಿ ಕೂತಿತೆಂದು ಖುಷಿಯಾಗಿ, "ಬನ್ನಿ ಅಂಕಲ್, ನಾನೇನು ಮಾಡ್ತೀನಿ ನೋಡಿ. ಆಂಟಿಗೆ ಬಂತಲ್ಲ, ಅದೇ ಕಾಯಿಲೆ ಮೇಲೆ ನನ್ನ ಕೆಲಸ" ಎಂದು ಒಳಗೆ ಕರೆದಳು.

ಕಂಪ್ಯೂಟರಿನ ಪರದೆಯ ಮೇಲೆ ಒಂದು ಬೂದು ಬಣ್ಣದ ಚಿತ್ರವಿತ್ತು. ಒತ್ತೊತ್ತಾಗಿ ಸಣ್ಣ ಸಣ್ಣ ಕಾಳುಗಳು, ನಡುವೆ ಖಾಲಿ ಗೀರು. ಕತ್ತರಿಸುವ ಮುಂಚೆ ತಾನು ಬಟ್ಟೆಯ ಮೇಲೆ ಎಳೆಯುವ ಸೀಮೆಸುಣ್ಣದ ಗೆರೆಯಂತೆ ಕಂಡಿತು ಅವನಿಗೆ.

"ಇವು ಸ್ತನ ಕ್ಯಾನ್ಸರಿನ ಜೀವಕೋಶಗಳು ಅಂಕಲ್. ಬಟ್ಟಲಲ್ಲಿ ಬೆಳೆಸ್ತೀವಿ. ತುಂಬಿಕೊಂಡ ಮೇಲೆ ನಡುವೆ ಹೀಗೆ ಒಂದು ಗೀರು ಎಳೀತೀವಿ. ಆಮೇಲೆ ಎರಡೂ ಕಡೆಯಿಂದ ಇವು ಸರಿದು ಬಂದು ಗೀರನ್ನ ಮುಚ್ಚುತ್ತವೆ. ಎಷ್ಟು ಬೇಗ ಸರೀತವೆ ಅಂತ ನೋಡೋದೇ ನನ್ನ ಕೆಲಸ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋ ಗುಣ ಇದೆಯಲ್ಲ, ಅದೇ ಈ ಕಾಯಿಲೆಯಲ್ಲಿ ಅಪಾಯ."

ಅವಳು ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಳು. ಒಂದರಲ್ಲಿ ಗೀರು ಇನ್ನೂ ಅಗಲವಾಗಿತ್ತು. ಇನ್ನೊಂದರಲ್ಲಿ ಹುಡುಕಿದರೆ ಮಾತ್ರ ಕಾಣುವಂತೆ ಕೂಡಿಕೊಂಡಿತ್ತು.

"ಎರಡಕ್ಕೂ ಒಂದೇ ದಿನ ಗೀರು ಎಳೆದದ್ದು. ಇದಕ್ಕೆ ಕಡಿಮೆ ಗ್ಲೂಕೋಸ್ ಕೊಟ್ಟಿದ್ದೆ. ಇದಕ್ಕೆ ಜಾಸ್ತಿ ಗ್ಲೂಕೋಸ್. ನೋಡಿ, ಜಾಸ್ತಿ ಗ್ಲೂಕೋಸ್ ಇರೋ ಕಡೆ ಹೇಗೆ ಓಡಿದಾವೆ."

ರಂಗನಾಯಕ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ, "ಗ್ಲೂಕೋಸ್ ಅಂದ್ರೆ... ಶಕ್ತಿಗೆ ಕೊಡೋದಲ್ವೇನವ್ವ?"

"ಶಕ್ತಿಗೇ. ಸಕ್ಕರೇನೇ ಅದು ಅಂಕಲ್. ಬ್ಲಡ್ ಟೆಸ್ಟಲ್ಲಿ ಶುಗರ್ ಅಂತ ಅಳೀತಾರಲ್ಲ, ಅದೇ ಗ್ಲೂಕೋಸ್. ಮನೇಲಿ ಬಳಸೋ ಸಕ್ಕರೆಯಾದ್ರೂ ಹೊಟ್ಟೆಗೆ ಹೋಗಿ ಕರಗಬೇಕು. ಇದು ಕುಡಿದ ಕೂಡಲೇ ನೇರ ರಕ್ತಕ್ಕೆ."

ಅವನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟ. ನಾಜ್ನೀನ್ ಗಾಬರಿಯಾಗಿ ನೀರು ತಂದಳು. ಕುಡಿಯದೆ ಲೋಟ ಹಿಡಿದುಕೊಂಡು ಕೇಳಿದ, "ಮನುಷ್ಯನ ಮೈಯೊಳ್ಗೂ ಇಂಗೇ ಓಡ್ತವಾ?"

ಅವಳು ಅವನ ಮುಖ ನೋಡಿ ಮಾತು ಮೆಲ್ಲಗೆ ಮಾಡಿದಳು. "ಹಾಗಂತ ಹೇಳೋಕಾಗಲ್ಲ ಅಂಕಲ್. ಇದು ಬಟ್ಟಲು. ಮೈಯೊಳಗೆ ನೂರೆಂಟು ಬೇರೆ ಸಂಗತಿ ಇರ್ತವೆ. ಸಕ್ಕರೆಯಿಂದಲೇ ಹೀಗಾಯ್ತು ಅಂತ ಯಾರೂ ಯಾರಿಗೂ ಹೇಳಬಾರದು. ಶುಗರ್ ಜಾಸ್ತಿ ಇದ್ದರೆ ಅದೂ ಒಂದು ಕಾರಣ ಇರಬಹುದು ಅಷ್ಟೆ. ಇರಬಹುದು. ಯಾಕೆ ಅಂಕಲ್?"

"ಏನಿಲ್ಲ ಕಣವ್ವ" ಎಂದು ಎದ್ದ.

ತೆರಕಣಾಂಬಿ ಮೇಲೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹೊರಗೆ ಏನೂ ಕಾಣಲಿಲ್ಲ ಅವನಿಗೆ. ಹೌದು ಎಂದಿದ್ದರೆ ತಲೆ ಚಚ್ಚಿಕೊಂಡು ಅಳಬಹುದಿತ್ತು. ಅಲ್ಲ ಎಂದಿದ್ದರೆ ಮನೆದೇವರಿಗೆ ಕಾಯಿ ಒಡೆಯಬಹುದಿತ್ತು. ಇರಬಹುದು ಎಂಬ ಮಾತನ್ನು ಇಟ್ಟುಕೊಂಡು ಮನುಷ್ಯ ಏನು ಮಾಡಬೇಕು? ಬಟ್ಟಲ ಮಾತು ಬಿಟ್ಟರೂ, ಆಪರೇಷನ್ ಎರಡು ಸಲ ಮುಂದಕ್ಕೆ ಹೋದದ್ದಕ್ಕೆ 'ಇರಬಹುದು' ಬೇಕಿರಲಿಲ್ಲ. ಲೋಟ ಲೋಟ ಸಕ್ಕರೆ ಕುಡಿಸಿ, ಒಂದು ಕಾಳೂ ಕೊಟ್ಟಿಲ್ಲ ಎಂದು ಡಾಕ್ಟರ ಮುಂದೆ ಆಣೆ ಹಾಕಿದ್ದ. ಗಂಟು ಹಿಡಿದ ಬೆರಳೇ ಚಮಚವನ್ನೂ ಹಿಡಿದಿತ್ತು. ಒಂದು ಸಲ, ಒಂದೇ ಒಂದು ಸಲ, ತುದಿ ನಾಲಿಗೆಗೆ ಸೋಕಿಸಿದ್ದರೆ ಸಾಕಾಗಿತ್ತು. ಯಾವ ಶಾಸ್ತ್ರ, ಯಾವ ಎಂಜಲು! ತನ್ನ ಮೇಲಿನ ಕೋಪಕ್ಕೆ ಅವನು ತೊಡೆ ಗುದ್ದಿಕೊಂಡದ್ದು ನೋಡಿ ಪಕ್ಕದಲ್ಲಿ ಕೂತವರು ಸರಿದು ಕೂತರು.

ಅವಳಿಗೆ ಹೇಳಿಬಿಡಬೇಕು ಎಂದು ಗುಂಡ್ಲುಪೇಟೆ ಬರುವಷ್ಟರಲ್ಲಿ ನಿಶ್ಚಯ ಮಾಡಿದ. ಹೇಳಿದರೆ ಅವಳು ಮುಖ ತಿರುಗಿಸಿಕೊಂಡು ಸಾಯಬಹುದು. ಹೇಳದಿದ್ದರೆ ಅವಳು ತನ್ನನ್ನು ಹರಸುತ್ತ ಸಾಯುತ್ತಾಳೆ, ಅದನ್ನು ಹೊತ್ತುಕೊಂಡು ತಾನು ಬದುಕಬೇಕು. ಎರಡನೆಯದು ಅವನ ಕೈಲಾಗುವಂತಿರಲಿಲ್ಲ.

ಮನೆಯ ಬಾಗಿಲ ಹತ್ತಿರ ಬೆಳಕಿಗೆ ಹಾಕಿದ್ದ ಮಂಚದ ಮೇಲೆ ದೇವಾಜಮ್ಮ ದಿಂಬಿಗೆ ಒರಗಿಕೊಂಡಿದ್ದಳು. ಮೈ ಇಳಿದು ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಅವನನ್ನು ಕಂಡು ಮುಖ ಅರಳಿಸಿದಳು.

"ಬಂದಾ ಬಾವ? ಬಾಯೆಲ್ಲ ಒಣ್ಗ್ಕೊಂಡದೆ. ಅಟ್ಟದ್ ಮ್ಯಾಲೆ ಆ ಡಬ್ಬ ಇದ್ದದಲ್ಲ, ಆಗ ಕಲ್ಸಿ ಕೊಡ್ತಿದ್ದಲ್ಲ, ಆ ನೀರು ಕೊಡು. ಯಾಕೋ ಬೆಳಗ್ಗಿಂದ ಅದೇ ಗ್ಯಾನ."

ರಂಗನಾಯಕ ಮಂಚದ ಕಾಲ ಬಳಿ ಕೂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ಅದ ಕೇಳ್ಬೇಡ ಕಣಮ್ಮಿ. ಅದು ಔಷ್ದಿಯಲ್ಲ. ಅದೂ ಸಕ್ರೇನೇಯಂತೆ. ಬಷೀರಣ್ಣನ ಮಗ್ಳು ಯೋಳ್ತು. ನಾನೇ ಕೈಯಾರ ಕುಡುಸ್ಬುಟ್ಟೆ ನಿಂಗೆ. ಅದಕ್ಕೇ ಶುಗರ್ ಇಳಿನಿಲ್ಲ. ಆಪ್ರೇಸನ್ ತಪ್ತು. ಅದು ಮೂಳೆಗೆ ಓಡೋದ್ರಲ್ಲೂ ನನ್ ಕೈ ಇರ್ಬೋದಂತೆ. ಇರ್ಬೋದಂತೆ ಕಣೇ..." ಅವನು ಹಣೆಯನ್ನು ಮಂಚದ ಪಟ್ಟಿಗೆ ಒತ್ತಿಕೊಂಡ.

ಓಣಿಯಲ್ಲಿ ಯಾರೋ ಬೈಕು ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದರು. ಅದು ಸ್ಟಾರ್ಟ್ ಆಗಿ ದೂರ ಹೋದ ಮೇಲೆ ಅವಳ ಕೈ ಅವನ ತಲೆಯ ಮೇಲೆ ಬಂತು.

"ಸಕ್ರೆ ಅಂತ ನಂಗೊತ್ತಿತ್ತು ಕಣ ಬಾವ."

ಅವನು ತಲೆಯೆತ್ತಿದ.

"ನಂಗೇನು ನಾಲ್ಗೆ ಇರ್ನಿಲ್ವಾ? ಮೊದಲ್ನೇ ದಿನಾನೇ ಗೊತ್ತಾಯ್ತು. ಅಷ್ಟು ಸೀ ಇತ್ತಲ್ಲ."

"ಮತ್ತ್ಯಾಕಮ್ಮಿ ಯೋಳ್ನಿಲ್ಲ?"

"ಯೋಳುದ್ರೆ ನಿಲ್ಲುಸ್ಬುಡ್ತಿದ್ದೆ. ಪವಿತ್ರ ಮನೇಲಿ ಇದ್ದಬದ್ದ ಸೀಯೆಲ್ಲ ಎತ್ಕೊಂಡೋಗಿದ್ಲು. ಇದೊಂದೇ ಇದ್ದುದ್ದು. ಇಷ್ಟು ಕುಡುದ್ರೆ ಏನಾದ್ದು ಅಂದ್ಕಂಡೆ. ನೀನೂ ಲೋಟ ಇಡ್ಕಂಡು ಎಳೇ ಮಗಿಗೆ ಕುಡ್ಸೋ ಅಂಗೆ ಕುಡುಸ್ತಿದ್ದೆ. ಇನ್ನು ಡಾಕ್ಟ್ರು ಕೇಳ್ದಾಗ ನೀನು ನಿಮ್ಮವ್ವನ್ ಮೇಲೆ ಆಣೆ ಆಕ್ಬುಟ್ಟೆ. ಅಷ್ಟು ಜನುದ್ ಮುಂದೆ ನಿನ್ ಮಾತ ಸುಳ್ ಮಾಡನಾ?" ಅವಳಿಗೆ ಉಸಿರು ಕಟ್ಟಿತು. ಸುಧಾರಿಸಿಕೊಂಡು ಹೇಳಿದಳು, "ನಿಂದೊಬ್ನುದೇ ಅಂದ್ಕಬ್ಯಾಡ. ಅರ್ಧ ನಂಗೂ ಬುಡು."

ಅವನಿಗೆ ಅಳು ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಕೂತು ಬಯ್ದುಕೊಂಡಾಗ ಹೊತ್ತಿದ್ದ ಭಾರ ಅರ್ಧವಾಗಲಿಲ್ಲ, ಎರಡರಷ್ಟಾಯಿತು. ಅವಳೊಂದು ಮಾತು ಹೇಳಿದ್ದರೆ, ತಾನೊಂದು ತೊಟ್ಟು ರುಚಿ ನೋಡಿದ್ದರೆ. ಅವನು ಎಂಜಲಿಗೆ ಹೆದರಿದ್ದ, ಅವಳು ಅವನ ಮಾನಕ್ಕೆ ಹೆದರಿದ್ದಳು. ಇಷ್ಟು ಸಣ್ಣ ಸಂಕೋಚಕ್ಕೆ ಒಂದು ಜೀವ ತೆರಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ.

"ಏಳು, ಅತ್ತಿದ್ದು ಸಾಕು. ಬಾಯಿ ಒಣುಗ್ತದೆ ಅಂದ್ನಲ್ಲ" ಎಂದಳು.

ಡಾಕ್ಟರ ಮಾತು ನೆನಪಾಯಿತು ಅವನಿಗೆ. ಬಾಯಿಬಿಟ್ಟು ಏನು ಕೇಳುತ್ತಾರೋ ಅದನ್ನು ಕೊಡಿ. ಎದ್ದು ಅಟ್ಟದ ಮೇಲೆ ಕೈಯಾಡಿಸಿ ಡಬ್ಬ ಇಳಿಸಿದ. ಪುಡಿ ಗಟ್ಟಿಕಟ್ಟಿ ತಳ ಹಿಡಿದಿತ್ತು. ಚಮಚದ ಹಿಂಬದಿಯಿಂದ ಕುಟ್ಟಿ ಕೆದಕಿ ಲೋಟಕ್ಕೆ ಹಾಕಿ ನೀರು ಬೆರೆಸಿದ. ತಳದಲ್ಲಿ ನಿಲ್ಲದಂತೆ ಮೊದಲಿನ ಹಾಗೇ ಕಲಕಿದ. ಮಂಚದ ಬಳಿ ತಂದು, ಅವಳ ಬಾಯಿಗೆ ಹಿಡಿಯುವ ಮುಂಚೆ ನಿಂತು, ಒಂದು ಗುಟುಕು ತಾನು ಕುಡಿದ.

ಸಿಹಿ ಗಂಟಲಿಗೆ ಇಳಿಯುವಾಗ ಅವನ ಮುಖ ಮುದುಡಿತು.

"ಎಂಜ್ಲು ಮಾಡ್ಬುಟ್ಟಲ್ಲ" ಎಂದು ಅವಳು ನಕ್ಕಳು.

"ಇಷ್ಟು ಸೀ ಇತ್ತಾ ಇದು?" ಎಂದ ಅವನು.

"ಊಂ. ಈಗ ವಸಿ ಕಮ್ಮಿ ಅದೆ ಅಂತ ಕಾಣ್ತದೆ. ಇನ್ನೊಂದು ಚಮ್ಚ ಆಕು ಬಾವ."

ರಂಗನಾಯಕ ಲೋಟ ಹಿಡಿದುಕೊಂಡು ಒಳಗೆ ಹೋಗಿ, ಡಬ್ಬದ ತಳ ಕೆರೆದು, ಇನ್ನೊಂದು ಚಮಚ ಹಾಕಿಕೊಂಡು ಬಂದ.